ಲಾಂಛನ ತಿಂದ ಚುಕ್ಕಿಗಳು

ಅವಳ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿಯಿತು. ಮಿಕ್ಕವರಿಗೆಲ್ಲ ಅವಳು ಚುಕ್ಕಿ. ಊರಿಗೆ ಕುಡಿಯುವ ನೀರು ಕೊಡುವ ಮಂಡಳಿಯ ಕಂಪ್ಯೂಟರ್ ಕೋಣೆಯಲ್ಲಿ ಅವಳ ಕೆಲಸ. ಮೇಜಿನ ಮೇಲೆ ಚೌಕುಳಿ ಕಾಗದ ಹರಡಿಕೊಂಡು, ಮೊನೆ ಚೂಪು ಮಾಡಿದ ಪೆನ್ಸಿಲಿನಿಂದ ಒಂದೊಂದೇ ಚೌಕಕ್ಕೆ ಚುಕ್ಕಿ ತುಂಬುತ್ತ ಕೂರುತ್ತಿದ್ದಳೆಂದು ಆ ಹೆಸರು ಬಂತು. ಸಿಟ್ಟು ಅವಳ ಮೂಗಿನ ತುದಿಯಲ್ಲೇ ಇರುತ್ತಿತ್ತು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ಆದರೆ ಸಿಟ್ಟು ಬೇರೆ, ಹೇಸಿಗೆ ಬೇರೆ ಸ್ವಾಮಿ. ಸಿಟ್ಟು ಎರಡು ದಿನದಲ್ಲಿ ಇಳಿಯುತ್ತದೆ. ಚುಕ್ಕಿಗೆ ಹೇಸಿಗೆ ಹಿಡಿಯಿತು, ಅದು ಕೊನೆಯವರೆಗೂ ಬಿಡಲಿಲ್ಲ. ಅದು ಹೇಗೆ ಹಿಡಿಯಿತು ಅನ್ನುವುದೇ ಅವಳ ಕಥೆ.

ಅಪ್ಪ ಬಟ್ಟೆ ಗಿರಣಿಯಲ್ಲಿ ನೇಯ್ಗೆಯ ನಕ್ಷೆ ಬರೆಯುವವರು. ಸೀರೆಯ ಅಂಚಿನಲ್ಲಿ ಬರುವ ಹೂವು, ಹಕ್ಕಿ, ಬಳ್ಳಿ ಎಲ್ಲವೂ ಮೊದಲು ಅವರ ಚೌಕುಳಿ ಕಾಗದದಲ್ಲಿ ಹುಟ್ಟಬೇಕಿತ್ತು. ಮಗಳು ಪಕ್ಕದಲ್ಲಿ ಕೂತು ಬಣ್ಣ ತುಂಬುತ್ತಿದ್ದಳು. ಒಂದು ದಿನ ಅವಳು ಅವಸರದಲ್ಲಿ ಎರಡು ಖಾಲಿ ಚೌಕಗಳನ್ನು ಎಣಿಸದೆ ಹಾರಿಸಿದಾಗ ಅಪ್ಪ ಪೆನ್ಸಿಲಿನಿಂದ ತಲೆಗೆ ಮೊಟಕಿ, "ಖಾಲಿ ಚೌಕ ಅಂದ್ರೆ ಅಲ್ಲಿ ಏನೂ ಇಲ್ಲ ಅಂತ ಅಲ್ಲ ಮಗಳೇ. ಅಲ್ಲಿ ನೂಲು ಕೆಳಗಡೆಯಿಂದ ಹೋಗ್ತಿದೆ ಅಂತ. ಕಾಣದೇ ಇದ್ರೂ ಎಣಿಸ್ಬೇಕು" ಎಂದಿದ್ದರು. ಆ ಮಾತು ಅವಳಿಗೆ ಬಾಯಿಪಾಠವಾಯಿತು. ಬಾಯಿಪಾಠವಾದದ್ದೆಲ್ಲ ಬುದ್ಧಿಗೆ ಇಳಿಯುತ್ತದೆಯೇ? ಇಳಿಯುವುದಿಲ್ಲ.

ಅಮ್ಮ ಬೇಗ ಹೋದರು. ಸಾಕಿದ್ದು ಅಕ್ಕ. ಅಕ್ಕನಿಗೆ ಮದುವೆಯಾದ ಮೇಲೆ ಭಾವನೂ ಸೇರಿ ಸಾಕಿದರು. ಭಾವ ಅದೇ ಮಂಡಳಿಯ ಶುದ್ಧೀಕರಣ ಘಟಕದಲ್ಲಿ ಆಪರೇಟರ್. ಊರಿನ ಆ ತುದಿಯಲ್ಲಿ, ನದಿಯ ನೀರನ್ನು ಮರಳಿನ ತೊಟ್ಟಿಗಳಲ್ಲಿ ಸೋಸಿ ಊರಿಗೆ ಬಿಡುವ ಜಾಗ ಅದು. ಕಂಪ್ಯೂಟರ್ ಕೋಣೆಗೆ ಜನ ಬೇಕಾಗಿದ್ದಾರೆ ಎಂಬ ಸುದ್ದಿ ತಂದವರೂ ಅವರೇ, ಅರ್ಜಿಯ ಫಾರಂ ತಂದು ಅವಳ ಮುಂದೆ ಇಟ್ಟು, "ನಿಮ್ಮಪ್ಪನ ಕೈ ನಿನಗೆ ಬಂದಿದೆ, ಸುಮ್ನೆ ಒಲೆ ಮುಂದೆ ಸವೆಸ್ಬೇಡ" ಎಂದವರೂ ಅವರೇ.

ಭಾವನಿಗೆ ಒಂದು ಪದ್ಧತಿಯಿತ್ತು. ನಾಲ್ಕು ತೊಟ್ಟಿಗಳಿಂದಲೂ ಒಂದೊಂದು ಸಣ್ಣ ನಲ್ಲಿ ಅವರ ಕೋಣೆಯೊಳಗೆ ಬಂದಿತ್ತು. ಗಂಟೆಗೊಮ್ಮೆ ಒಂದೊಂದು ಗಾಜಿನ ಜಾಡಿಯಲ್ಲಿ ನೀರು ಹಿಡಿದು ಕಿಟಕಿಯ ಪಕ್ಕದ ಗೋಡೆಗೆ ಎತ್ತಿ ಹಿಡಿಯುತ್ತಿದ್ದರು. ಗೋಡೆಯ ಮೇಲೆ ಹಳೆಯ ರೈಲು ವೇಳಾಪಟ್ಟಿಯೊಂದನ್ನು ಅಂಟಿಸಿದ್ದರು. ಜಾಡಿಯ ನೀರಿನ ಮೂಲಕ ಅದರ ಅತಿ ಸಣ್ಣ ಅಕ್ಷರ ಓದಲು ಬಂದರೆ ನೀರು ಸರಿ. ಬಾರದಿದ್ದರೆ ಆ ತೊಟ್ಟಿಯ ಕವಾಟ ಬಂದ್, ಮರುಮಾತಿಲ್ಲ. ಮೂವತ್ತು ವರ್ಷ ದಿನಕ್ಕೆ ಎಂಟು ಸಲ ಓದಿದರೂ ಆ ಪಟ್ಟಿಯ ಒಂದು ರೈಲನ್ನೂ ಹತ್ತಿದವರಲ್ಲ ಎಂದು ಅಕ್ಕ ಆಡಿಕೊಳ್ಳುತ್ತಿದ್ದಳು.

ಕಂಪ್ಯೂಟರ್ ಬಂದ ಮೇಲೆ ತೊಟ್ಟಿಗಳಿಗೆ ಕಲಕು, ಅಂದರೆ ನೀರು ಎಷ್ಟು ಕದಡಿದೆ ಎಂದು, ಅಳೆಯುವ ಉಪಕರಣ ಕೂರಿಸಿದರು. ಐದು ನಿಮಿಷಕ್ಕೊಮ್ಮೆ ಅಂಕಿಗಳು ತಂತಿಯಲ್ಲಿ ಹರಿದು ಮುಖ್ಯ ಕಚೇರಿಯ ದೊಡ್ಡ ಯಂತ್ರಕ್ಕೆ ಹೋಗಿ, ಅಲ್ಲಿಂದ ಪರದೆಗಳಿಗೆ ಬರುತ್ತಿದ್ದವು. ಚುಕ್ಕಿಯ ಮೇಜಿನ ಮೇಲೊಂದು ಪರದೆ, ಭಾವನ ಕೋಣೆಯಲ್ಲೊಂದು. ಕಪ್ಪು ಗಾಜಿನ ಮೇಲೆ ಹಸಿರು ಅಂಕಿಗಳು. ಐದಕ್ಕಿಂತ ಹೆಚ್ಚಾದರೆ ಅಪಾಯ. ಭಾವ ಅಂಕಿಯನ್ನೂ ನೋಡುತ್ತಿದ್ದರು, ಜಾಡಿಯನ್ನೂ ಎತ್ತುತ್ತಿದ್ದರು. ಎರಡೂ ಹೊಂದಿಕೊಂಡು ಹೋಗುತ್ತಿದ್ದವು.

ಅಷ್ಟರಲ್ಲಿ ಮಂಡಳಿಗೆ ಹೊಸ ದೊಡ್ಡ ಸಾಹೇಬರು ಬಂದರು. ಅವರು ಇನ್ಯಾವುದೋ ದೊಡ್ಡ ಸಂಸ್ಥೆಗೆ ಹೋಗಿದ್ದಾಗ ಅಲ್ಲಿನ ಪರದೆಯ ಮೇಲೆ ಗೆರೆ, ಕಂಬ, ವೃತ್ತಗಳನ್ನು ಕಂಡು ಹೊಟ್ಟೆಯುರಿ ಹಚ್ಚಿಕೊಂಡು ಬಂದರು. ಬಂದವರೇ ಚುಕ್ಕಿಯ ಹಿಂದೆ ನಿಂತರು.

"ಏನ್ರೀ ಇದು, ಇರುವೆ ಸಾಲು ಇದ್ದಂಗಿದೆ? ನಮ್ಮಲ್ಲೂ ಚಿತ್ರ ಬರ್ಬೇಕು."

"ಸರ್, ಈ ಪರದೆಗೆ ಅಕ್ಷರ ಬಿಟ್ರೆ ಬೇರೇನೂ ಗೊತ್ತಿಲ್ಲ."

"ಗೊತ್ತಿಲ್ದಿದ್ರೆ ಕಲಿಸ್ರಿ."

ಅದಕ್ಕೆ ಕಲಿಸಿದಳು ನೋಡಿ! ಆ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಇಪ್ಪತ್ತನಾಲ್ಕು ಸಾಲು, ಸಾಲಿಗೆ ಎಂಬತ್ತು ಚೌಕ, ಚೌಕಕ್ಕೆ ಒಂದೇ ಅಕ್ಷರ. ಅಷ್ಟು ಬಿಟ್ಟು ಒಂದು ಓರೆಗೆರೆ ಎಳೆಯುವ ಯೋಗ್ಯತೆಯೂ ಅದಕ್ಕಿರಲಿಲ್ಲ. ಆದರೆ ದಪ್ಪ ಕೈಪಿಡಿಯ ಕೊನೆಯ ಅಧ್ಯಾಯದಲ್ಲಿ ಅವಳಿಗೆ ಒಂದು ದಾರಿ ಸಿಕ್ಕಿತು. ಪರದೆಯ ಪೆಟ್ಟಿಗೆಯೊಳಗೆ ಒಂದಿಷ್ಟು ಜಾಗವಿದೆ, ಅಲ್ಲಿಗೆ ನಾವೇ ಬರೆದ ಹೊಸ ಅಕ್ಷರಗಳನ್ನು ಕಳಿಸಿ ಇಡಬಹುದು. ಒಂಬತ್ತು ಚುಕ್ಕಿ ಅಗಲ, ಹದಿನಾರು ಚುಕ್ಕಿ ಎತ್ತರದ ಒಂದು ಚೌಕ. ಅದರೊಳಗೆ ಏನು ತುಂಬಿದರೂ ಪರದೆ ಅದನ್ನು ಅಕ್ಷರ ಎಂದೇ ನಂಬುತ್ತದೆ. ಅಂದರೆ ಗೆರೆಯನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನೂ ಒಂದೊಂದು ಅಕ್ಷರವಾಗಿ ಬರೆದು, ಪಕ್ಕ ಪಕ್ಕ ಜೋಡಿಸಿದರೆ ಚಿತ್ರ. ಅಪ್ಪನ ನೇಯ್ಗೆಯೇ ಇದು! ಒಂದೇ ಕಟ್ಟುಪಾಡು. ಹೊಸ ಆಕಾರಗಳಿಗೆ ಇದ್ದ ಜಾಗ ನೂರ ತೊಂಬತ್ತು. ನೂರ ತೊಂಬತ್ತೊಂದನೆಯದಕ್ಕೆ ಪರದೆ ಬಾಗಿಲು ಹಾಕಿಕೊಳ್ಳುತ್ತಿತ್ತು.

ನಾಲ್ಕು ತಿಂಗಳು ಕೂತಳು. ಮೊದಲ ಸಲ ನಾಲ್ಕು ತೊಟ್ಟಿಗಳ ನಾಲ್ಕು ಗೆರೆಗಳು ಪರದೆಯ ಮೇಲೆ ಏರಿಳಿಯುತ್ತ ಬಂದಾಗ, "ಬಂತು! ಬಂತು ಕಣ್ರೇ!" ಎಂದು ಕೂಗಿಕೊಂಡಳಂತೆ, ಕೋಣೆಯಲ್ಲಿದ್ದವರೆಲ್ಲ ಎದ್ದು ಬಂದರಂತೆ. ಐದರ ಮಿತಿಗೆ ಒಂದು ಅಡ್ಡಗೆರೆ ಎಳೆದಿದ್ದಳು. ಅದನ್ನು ಪರದೆಯಲ್ಲಿ ಮೊದಲೇ ಇದ್ದ ಅಡ್ಡಗೀಟುಗಳಿಂದ ಮಾಡಿದ್ದರಿಂದ ಒಂದು ಆಕಾರವೂ ಖರ್ಚಾಗಿರಲಿಲ್ಲ. ಶಾಂತ ದಿನಗಳಲ್ಲಿ ಚಿತ್ರಕ್ಕೆ ತೊಂಬತ್ತು ಆಕಾರ ಸಾಕು. ಗೆರೆ ಎಷ್ಟೇ ಕುಣಿದರೂ ನೂರ ಅರವತ್ತು, ನೂರ ಎಪ್ಪತ್ತು. ಎಲ್ಲ ಸರಿಯಾಗಿತ್ತು. ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಸಾಹೇಬರು ನೋಡಿದರು. ತಲೆ ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ನಮ್ಮ ಲಾಂಛನ ಎಲ್ಲಿ?"

ಮಂಡಳಿಯ ಲಾಂಛನವೆಂದರೆ ಎರಡು ಕೈಗಳ ಮೇಲೆ ಒಂದು ಕೊಡ, ಕೊಡದಿಂದ ಮೂರು ಹನಿ, ಸುತ್ತ ಸೂರ್ಯನ ಕಿರಣ. ನೀರಿಗೂ ಸೂರ್ಯನಿಗೂ ಏನು ಸಂಬಂಧವೋ, ಅದನ್ನು ಬರೆಸಿದ ಪುಣ್ಯಾತ್ಮನಿಗೇ ಗೊತ್ತು. ಚುಕ್ಕಿ ಲೆಕ್ಕ ಹಾಕಿದಳು. ಬರೀ ಕೊಡಕ್ಕೆ ಮೂವತ್ತು ಆಕಾರ, ಕೈಗಳಿಗೆ ಇಪ್ಪತ್ತು, ಕಿರಣಗಳಿಗೆ ಇಪ್ಪತ್ತನಾಲ್ಕು.

"ಸರ್, ಲಾಂಛನಕ್ಕೇ ಎಪ್ಪತ್ತನಾಲ್ಕು ಹೋಗುತ್ತೆ. ಗೆರೆಗೆ ಸಾಲಲ್ಲ."

"ಸಾಲ್ದಿದ್ರೆ ಸಾಲೋ ಹಾಗೆ ಮಾಡ್ರಿ. ಅದನ್ನೂ ನಾನೇ ಹೇಳ್ಕೊಡ್ಬೇಕಾ?"

"ಕಿರಣ ಒಂದು ಬಿಟ್ಬಿಡ್ಲಾ ಸರ್?"

"ಕಿರಣ ಇಲ್ದೆ ಇದ್ರೆ ಅದು ಮಣ್ಣಿನ ಮಡಕೆ ಅಂಗಡಿ ಬೋರ್ಡು ಆಗುತ್ತೆ!"

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದನ್ನು ಕೇಳಿದ್ದೆವು. ಇಲ್ಲಿ ಹೊಟ್ಟೆಯ ಹಿಟ್ಟು ಕಿತ್ತು ಜುಟ್ಟಿಗೆ ಮುಡಿಸಿದರು. ಚುಕ್ಕಿ ಮುನಿಸಿಕೊಂಡಳು, ಗೊಣಗಿದಳು, ಕೊನೆಗೆ ಮಾಡಿದಳು. ಉಳಿದದ್ದು ನೂರ ಹದಿನಾರು ಆಕಾರ. ಅವು ಮುಗಿದ ಮೇಲೆ ಇನ್ನೂ ಗೆರೆ ಉಳಿದಿದ್ದರೆ? ಯಂತ್ರಕ್ಕೆ ಬರೆದಿದ್ದ ಕಾರ್ಯಕ್ರಮಕ್ಕೆ, ಅಂದರೆ ಪ್ರೋಗ್ರಾಮಿಗೆ, ಒಂದು ಸಾಲು ಸೇರಿಸಿದಳು: ಆಕಾರ ಮುಗಿದಿದ್ದರೆ, ಈಗಾಗಲೇ ಇರುವುದರಲ್ಲಿ ಅತಿ ಹತ್ತಿರದ್ದನ್ನು ಎರವಲು ತಗೋ. ಜಾಣ ಉಪಾಯ. ಒಂದೆರಡು ಚುಕ್ಕಿ ಆಚೆ ಈಚೆ ಆದರೆ ಯಾರ ಕಣ್ಣಿಗೆ ಕಾಣುತ್ತದೆ? ಸಾಹೇಬರಿಗೆ ಹೇಳಿದಾಗ ಅವರು ಕೇಳಿಸಿಕೊಳ್ಳಲೂ ಇಲ್ಲ, "ಭೇಷ್" ಎಂದು ಹೊರಟೇಹೋದರು. ಅವಳಿಗೂ ಆ ಉಪಾಯದ ಮೇಲೆ ಒಳಗೊಳಗೇ ಹೆಮ್ಮೆ. ಅದನ್ನು ಮುಚ್ಚಿಡಬಾರದು.

ಪ್ರಶಂಸಾಪತ್ರ ಬಂತು. ಪತ್ರಿಕೆಯಲ್ಲಿ ಫೋಟೋ ಬಂತು, ಫೋಟೋದಲ್ಲಿ ಸಾಹೇಬರು ಮುಂದೆ, ಇವಳ ಕಿವಿ ಮಾತ್ರ ಹಿಂದೆ. ನೋಡಲು ಬರುವವರ ಸಾಲು ಶುರುವಾಯಿತು. ಬಂದವರಿಗೆ ಶುದ್ಧೀಕರಣ ಘಟಕವನ್ನೂ ತೋರಿಸುವುದೆಂದಾಯಿತು. ಅದಕ್ಕಾಗಿ ಭಾವನ ಕೋಣೆಗೆ ಸುಣ್ಣ ಬಳಿಸಿದರು. ರೈಲು ವೇಳಾಪಟ್ಟಿಯನ್ನು ಕೆರೆದು ತೆಗೆದರು. ಜಾಡಿಗಳನ್ನು "ಇದೇನು ಉಪ್ಪಿನಕಾಯಿ ಅಂಗಡಿನಾ?" ಎಂದು ಸಾಹೇಬರು ಎಸೆಸಿದರು, ನಲ್ಲಿಗಳ ಮೂತಿಗೆ ಬಿರಟೆ ಜಡಿಸಿದರು. ಅಂಕಿಗಳ ಪಟ್ಟಿಯನ್ನೂ ನಿಲ್ಲಿಸಿದರು. ಪರದೆ ಒಂದು ಹೊತ್ತಿಗೆ ಒಂದನ್ನೇ ತೋರಿಸಬಲ್ಲದು, ಯಾವಾಗ ಯಾರು ಬರುತ್ತಾರೋ, ಚಿತ್ರವೇ ಇರಲಿ ಎಂದು ಆಜ್ಞೆ. ಭಾವ ಒಂದು ಮಾತೂ ಎದುರಾಡಲಿಲ್ಲ. ಚಿತ್ರ ಮಾಡಿದ್ದು ನಮ್ಮ ಹುಡುಗಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಅದನ್ನು ಅಕ್ಕ ಅವಳಿಗೆ ಆಮೇಲೆ ಹೇಳಿದಳು, ಹೇಳಬಾರದಿತ್ತು.

ಆ ದಿನ ಬೆಳಗ್ಗೆ ಹತ್ತೂವರೆಗೆ ಮೂರನೇ ತೊಟ್ಟಿಯ ಮರಳಿನ ಹಾಸು ಬಿರಿಯಿತು. ನದಿಯ ಕೆಸರು ಸೋಸದೆ ಸೀದಾ ಊರ ಕೊಳವೆಗೆ ನುಗ್ಗಿತು. ಉಳಿದ ತೊಟ್ಟಿಗಳ ನೀರೂ ಹೊಯ್ದಾಡಿತು. ಹತ್ತೂ ನಲವತ್ತಕ್ಕೆ ಚುಕ್ಕಿಯ ಮೇಜಿನ ಫೋನ್ ಹೊಡೆದುಕೊಂಡಿತು. ಅವಳ ಸುತ್ತ ಆಗ ಏಳು ಜನ ಅತಿಥಿಗಳು, ಸಾಹೇಬರು ಬೆರಳು ತೋರಿಸಿ ಕಿರಣಗಳನ್ನು ವರ್ಣಿಸುತ್ತಿದ್ದರು.

"ಚುಕ್ಕಿ, ಭಾವ ಕಣಮ್ಮ. ಮೂರನೇ ಗೆರೆ ಮೇಲಕ್ಕೆ ಹೋಗ್ತಾ ಇತ್ತು, ಮಿತಿ ಹತ್ರ ಬಂದು ತುದಿ ಕತ್ತರಿಸಿದ ಹಾಗಿದೆ. ಒಂದ್ಸಲ ನೋಡ್ತೀಯಾ?"

ಅವಳು ತಲೆ ತಿರುಗಿಸಿ ತನ್ನ ಪರದೆ ನೋಡಿದಳು. ಮೂರನೇ ಗೆರೆ ಮಿತಿಯ ಕೆಳಗೇ ಇತ್ತು.

"ಮಿತಿ ದಾಟಿಲ್ವಲ್ಲ ಭಾವ. ಸರಿಯಾಗೇ ಇದೆ. ಇಲ್ಲಿ ಜನ ಇದ್ದಾರೆ, ಆಮೇಲೆ ಮಾಡ್ತೀನಿ."

"ಸರಿ ಅಂತೀಯಾ?"

"ಸರಿ ಭಾವ, ಸರಿ!"

ಅಷ್ಟೇ. ಭಾವ ಫೋನ್ ಇಟ್ಟರು.

ಹನ್ನೆರಡೂವರೆಗೆ ನಾಲ್ಕು ಬೀದಿಗಳ ನಲ್ಲಿಗಳಲ್ಲಿ ಕಂದು ನೀರು ಬಂತು. ಬರೀ ಕಂದು ಬಣ್ಣವಾದರೆ ಜನ ಚೆಲ್ಲುತ್ತಿದ್ದರು. ಅದಕ್ಕೂ ಮೊದಲು ಬಂದದ್ದು ನೋಡಲು ಹೆಚ್ಚುಕಮ್ಮಿ ತಿಳಿಯಾಗಿಯೇ ಇತ್ತು, ಅದನ್ನು ಕುಡಿದರು, ಅದರಲ್ಲೇ ಅಡುಗೆ ಮಾಡಿದರು. ಆಮೇಲೆ ನೋಡಿದರೆ ಬಿಂದಿಗೆಯ ತಳದಲ್ಲಿ ಬೆರಳು ದಪ್ಪ ಕೆಸರು, ಕೊಳೆತ ಎಲೆಯ ನಾತ, ಕೂದಲೆಳೆಯಂಥ ಕೆಂಪು ಹುಳುಗಳು ಮಿಸುಕಾಡುತ್ತಿವೆ! ವಾಂತಿ, ಭೇದಿ. ಸಂಜೆಯ ಹೊತ್ತಿಗೆ ಆಸ್ಪತ್ರೆಯ ಮೊಗಸಾಲೆಯಲ್ಲೂ ಮಲಗಿಸಲು ಜಾಗವಿಲ್ಲ. ಯಾರೂ ಸಾಯಲಿಲ್ಲ, ಅದು ಯಾರ ಪುಣ್ಯವೋ ಏನೋ. ಅಕ್ಕನ ಬೀದಿಯೂ ಆ ನಾಲ್ಕರಲ್ಲಿ ಒಂದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮರುದಿನವೇ ಭಾವನನ್ನು ಅಮಾನತು ಮಾಡಿದರು. ಪರದೆ ಸರಿಯಾಗಿತ್ತು, ಗೆರೆ ಮಿತಿ ದಾಟಿದ್ದನ್ನು ತೋರಿಸಿತ್ತು, ಆಪರೇಟರ್ ತೂಕಡಿಸುತ್ತಿದ್ದ ಎಂದು ಸಾಹೇಬರು ಪತ್ರಿಕೆಗೆ ಹೇಳಿದರು. ವಿಚಾರಣೆಗೆ ಮೂರು ಜನರ ಸಮಿತಿ ನೇಮಕವಾಯಿತು. ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ಮನುಷ್ಯ. ತಪ್ಪು ಸಾಬೀತಾದರೆ ಕೆಲಸದಿಂದ ವಜಾ, ಮೂವತ್ತು ವರ್ಷದ ಸೇವೆಯನ್ನು ಕಸದಂತೆ ಗುಡಿಸಿ ಹಾಕಿದ ಹಾಗೆ. ಅದಕ್ಕಿಂತ ಹೆಚ್ಚಾಗಿ, ನಿದ್ದೆ ಹೊಡೆಯುತ್ತ ಊರಿಗೆ ಹೊಲಸು ಕುಡಿಸಿದವನು ಎಂಬ ಹೆಸರು. ಬೀದಿಯವರು ಆಗಲೇ ಅವರನ್ನು ಕೆಸರಪ್ಪ ಎಂದು ಕರೆಯತೊಡಗಿದ್ದರು.

ಚುಕ್ಕಿ ಆ ದಿನದ ಅಂಕಿಗಳನ್ನು ಯಂತ್ರದ ಟೇಪಿನಿಂದ ತೆಗೆಸಿ ಒಬ್ಬಳೇ ಕೂತು ನೋಡಿದಳು. ಹತ್ತೂ ನಲವತ್ತಕ್ಕೆ ಮೂರನೇ ತೊಟ್ಟಿಯ ಕಲಕು ಹತ್ತೊಂಬತ್ತು. ಐದಲ್ಲ, ಆರಲ್ಲ, ಹತ್ತೊಂಬತ್ತು! ಅದೇ ಅಂಕಿಗಳನ್ನು ಚಿತ್ರಕ್ಕೆ ಉಣಿಸಿದರೆ ಗೆರೆ ಮಿತಿಯ ಕೆಳಗೇ ನಿಂತಿತು. ಎಲ್ಲಿ ಹೋಯಿತು ಮೇಲಿನದು? ಸಾಲು ಸಾಲಾಗಿ ಹುಡುಕಿದಳು. ಕಾರ್ಯಕ್ರಮ ಮೊದಲು ಲಾಂಛನಕ್ಕೆ ಆಕಾರ ಎತ್ತಿಡುತ್ತಿತ್ತು, ಆಮೇಲೆ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಿತ್ತು. ಆ ದಿನ ನಾಲ್ಕೂ ಗೆರೆಗಳು ಎರ್ರಾಬಿರ್ರಿ ಕುಣಿದದ್ದರಿಂದ ನೂರ ಹದಿನಾರೂ ಕೆಳಗೇ ಮುಗಿದುಹೋದವು. ಮಿತಿಯ ಮೇಲಕ್ಕೆ ಹೋದ ಗೆರೆ ಬಲು ತೆಳ್ಳಗೆ, ಚೌಕಕ್ಕೆ ನಾಲ್ಕೈದು ಚುಕ್ಕಿ, ಉಳಿದದ್ದೆಲ್ಲ ಖಾಲಿ. ಅದಕ್ಕೆ ಅತಿ ಹತ್ತಿರದ ಆಕಾರ ಹುಡುಕು ಅಂದರೆ ಯಂತ್ರ ಯಾವುದನ್ನು ಕೊಟ್ಟೀತು? ಖಾಲಿ ಚೌಕವನ್ನು. ಪ್ರಾಮಾಣಿಕವಾಗಿಯೇ ಕೊಟ್ಟಿತ್ತು. ಅಂದರೆ ನೀರು ಕೆಟ್ಟಷ್ಟೂ ಚಿತ್ರ ಸುಳ್ಳು ಹೇಳುತ್ತಿತ್ತು. ಶಾಂತ ದಿನ ಮಾತ್ರ ನಿಜ ಹೇಳುವ ಚಿತ್ರ!

ಎದ್ದು ಹೋಗಿ ಕಚೇರಿಯ ಕೈತೊಳೆಯುವ ತೊಟ್ಟಿಗೆ ಬಗ್ಗಿ ವಾಂತಿ ಮಾಡಿದಳು. ಮುಖ ತೊಳೆಯಲು ನಲ್ಲಿ ತಿರುಗಿಸಿ, ಬಂದ ನೀರನ್ನು ನೋಡಿ ಮತ್ತೆ ವಾಂತಿ ಮಾಡಿದಳು. ಸಾಹೇಬರ ಮೇಲೆ ಹೇಸಿಗೆ, ಕೊಡದ ಮೇಲೆ, ಆ ಹಾಳು ಕಿರಣಗಳ ಮೇಲೆ. ಎಲ್ಲಕ್ಕಿಂತ ಹೆಚ್ಚು "ಸರಿ ಭಾವ, ಸರಿ" ಎಂದ ತನ್ನ ನಾಲಿಗೆಯ ಮೇಲೆ. ಕಾಣದೇ ಇದ್ದರೂ ಎಣಿಸಬೇಕು ಎಂದಿದ್ದರು ಅಪ್ಪ.

ಅಂದೇ ಅಕ್ಕನ ಮನೆಗೆ ಹೋದಳು. ಯಾರೋ ಬಾಗಿಲಿಗೆ ಒಂದು ಬಕೆಟ್ ಕೆಸರು ನೀರು ಎರಚಿ ಹೋಗಿದ್ದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಉಜ್ಜುತ್ತಿದ್ದಳು. ಭಾವ ಒಳಗೆ ಕುರ್ಚಿಯ ಮೇಲೆ ಕೈ ಮಡಚಿ ಕೂತಿದ್ದರು. ಚುಕ್ಕಿ ನಿಂತುಕೊಂಡೇ ಎಲ್ಲ ಹೇಳಿದಳು, ಲಾಂಛನ, ಎರವಲು, ಖಾಲಿ ಚೌಕ.

"ತಪ್ಪು ನಂದು ಭಾವ."

ಭಾವ ಮಡಚಿದ ಕೈ ಬಿಡಿಸಿದರು. "ನನ್ನ ಕಣ್ಣಿಗೆ ಅನುಮಾನ ಬಂದಿತ್ತು. ಬಿರಟೆ ಕಿತ್ತು ಒಂದು ಲೋಟ ನೀರು ಹಿಡಿದು ನೋಡಿದ್ರೆ ಮುಗೀತಿತ್ತು. ನೀನು ಸರಿ ಅಂದೆ, ಸುಮ್ನಾದೆ." ಅಷ್ಟು ಹೇಳಿ ಎದ್ದು ಒಳಕೋಣೆಗೆ ಹೋದರು. ಆಮೇಲೆ ಅವಳೊಂದಿಗೆ ಮಾತಾಡಲಿಲ್ಲ.

ಅಕ್ಕ ಪೊರಕೆ ಹಿಡಿದೇ ಕೇಳಿದಳು, "ಇದನ್ನೇ ಸಮಿತಿ ಮುಂದೆ ಹೇಳ್ತೀಯಾ?"

"ಹೇಳ್ತೀನಿ."

"ಫೋನ್ ಮಾಡಿದ್ದು?"

"ಅದನ್ನೂ."

"ಹೇಳ್ದೇ ಇದ್ರೆ ಈ ಮನೆ ಮೆಟ್ಟಿಲು ಹತ್ಬೇಡ ನೋಡು" ಎಂದು ಅಕ್ಕ ಮತ್ತೆ ಉಜ್ಜತೊಡಗಿದಳು. ಸಾಕಿದ ಕೈ ಅದು, ಅವಳು ಹೇಳಿದರೆ ಮಾಡುತ್ತಾಳೆ.

ಸಾಹೇಬರೂ ಸುಮ್ಮನಿರಲಿಲ್ಲ. ವಿಚಾರಣೆಯ ಹಿಂದಿನ ದಿನ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಬಿಸ್ಕತ್ತಿನ ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ನೋಡಮ್ಮಾ, ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥರ ಜಾಗ ಖಾಲಿ ಆಗುತ್ತೆ. ನನ್ನ ಮನಸ್ಸಲ್ಲಿ ನೀವಿದ್ದೀರಿ. ನಾಳೆ ಕೇಳಿದ್ರೆ, ಚಿತ್ರ ಸರಿಯಾಗಿತ್ತು, ಫೋನ್ ಯಾವುದೂ ಬಂದಿರ್ಲಿಲ್ಲ, ಅಷ್ಟೇ. ನಿಮ್ಮ ಭಾವನಿಗೂ ವಯಸ್ಸಾಯ್ತು, ಹೇಗೂ ಮನೇಲಿ ಕೂರೋರೇ ಅಲ್ವಾ?"

ಅವರ ಮೀಸೆಯಲ್ಲಿ ಬಿಸ್ಕತ್ತಿನ ಪುಡಿ ಅಂಟಿತ್ತು. ಚುಕ್ಕಿ ಅದನ್ನೇ ನೋಡುತ್ತಿದ್ದಳು. ಥೂ, ಈ ಬಾಯಿಂದ ಭೇಷ್ ಅನ್ನಿಸಿಕೊಳ್ಳಲು ತಾನು ನಾಲ್ಕು ತಿಂಗಳು ಕಣ್ಣು ಕಳೆದುಕೊಂಡೆನೇ ಅನ್ನಿಸಿತು. ತಟ್ಟೆಯನ್ನು ಹಿಂದಕ್ಕೆ ತಳ್ಳಿ ಎದ್ದು ಬಂದಳು.

ಸಮಿತಿ ಕಂಪ್ಯೂಟರ್ ಕೋಣೆಯಲ್ಲೇ ಕೂತಿತು. ಅಧ್ಯಕ್ಷರು ಒಬ್ಬ ನಿವೃತ್ತ ಇಂಜಿನಿಯರು, ಜೊತೆಗೆ ಇಬ್ಬರು ಸದಸ್ಯರು. ಸಾಹೇಬರು ಒಂದು ಮೂಲೆಯಲ್ಲಿ. ಭಾವ ಬಾಗಿಲ ಬಳಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ನಿಂತೇ ಇದ್ದರು. ಯಾರೂ ಅವರಿಗೆ ಕೂರಲು ಹೇಳಿರಲಿಲ್ಲ.

ಚುಕ್ಕಿ ಆ ದಿನದ ಅಂಕಿಗಳನ್ನು ಉಣಿಸಿದಳು. ಚಿತ್ರ ಸಾಲು ಸಾಲಾಗಿ ಇಳಿದು ಬಂತು. ಮೂಲೆಯಲ್ಲಿ ಕೊಡ, ಕೈ, ಕಿರಣ. ನಾಲ್ಕು ಗೆರೆಗಳೂ ಮಿತಿಯ ಕೆಳಗೆ.

"ಅಂದು ಆಪರೇಟರ್ ನೋಡಿದ್ದು ಇದು" ಎಂದಳು.

"ಬಹಳ ಚೆನ್ನಾಗಿದೆ" ಎಂದರು ಒಬ್ಬ ಸದಸ್ಯರು.

"ಈಗ ಲಾಂಛನ ತೆಗೀತೀನಿ. ಬೇರೇನೂ ಮುಟ್ಟಲ್ಲ."

ಒಂದು ಗುಂಡಿ ಒತ್ತಿದಳು. ಪರದೆ ಕಪ್ಪಾಯಿತು. ಹೊಸ ಆಕಾರಗಳು ತಂತಿಯಲ್ಲಿ ಹರಿದು ಬರಲು ಮುಕ್ಕಾಲು ನಿಮಿಷ ಬೇಕು. ಆಮೇಲೆ ಚಿತ್ರ ಬಂತು. ಕೊಡವಿಲ್ಲ, ಕಿರಣವಿಲ್ಲ. ಮೂರನೇ ಗೆರೆ ಮಿತಿಯನ್ನು ಸೀಳಿಕೊಂಡು ಪರದೆಯ ನೆತ್ತಿಯವರೆಗೆ ಎದ್ದು ನಿಂತಿತ್ತು. ಬಾಗಿಲ ಬಳಿ ಭಾವ "ಅಬ್ಬಾ" ಎಂದದ್ದು ಎಲ್ಲರಿಗೂ ಕೇಳಿಸಿತು.

ಚುಕ್ಕಿ ತಿರುಗಿ ನಿಂತಳು. "ಎರವಲಿನ ಸಾಲು ಬರೆದವಳು ನಾನು. ಹತ್ತೂ ನಲವತ್ತಕ್ಕೆ ಇವ್ರು ಫೋನ್ ಮಾಡಿ ಗೆರೆ ತುದಿ ಕತ್ತರಿಸಿದ ಹಾಗಿದೆ ಅಂತ ಕೇಳಿದ್ರು. ನೋಡಿ ಸರಿ ಇದೆ ಅಂದವಳೂ ನಾನೇ. ಆಕಾರ ಸಾಲಲ್ಲ ಅಂತ ದೊಡ್ಡ ಸಾಹೇಬ್ರಿಗೆ ಮೊದಲೇ ಹೇಳಿದ್ದೆ. ಎಲ್ಲ ಬರೆದು ಸಹಿ ಮಾಡಿದ್ದೀನಿ, ಮೂರು ಪುಟ ಇದೆ."

ಅಧ್ಯಕ್ಷರು ಪರದೆಯನ್ನು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಅವರ ಬಾಯಿಂದ ಬಂದ ಮಾತು ಇದು: "ಲಾಂಛನ ಮತ್ತೆ ಬರುತ್ತೆ ತಾನೇ?"

"ಬರುತ್ತೆ ಸರ್, ಬರುತ್ತೆ" ಎಂದು ಸಾಹೇಬರು ಮೂಲೆಯಿಂದ ಹಾರಿ ಬಂದರು. "ಗುರುತೇ ಇಲ್ದೆ ಸಂಸ್ಥೆಯ ಪರದೆ ಹೇಗಿರೋಕೆ ಆಗುತ್ತೆ?"

ಇನ್ನೊಬ್ಬ ಸದಸ್ಯರು ತಮ್ಮ ಕಚೇರಿಗೂ ಇಂಥದ್ದೊಂದು ಮಾಡಿಕೊಡಲು ಆಗುತ್ತದೆಯೇ ಎಂದು ಅವಳ ಕಿವಿಯಲ್ಲಿ ಕೇಳಿದರು. ಇವರ ಮುಖಕ್ಕಿಷ್ಟು!

ಎರಡು ತಿಂಗಳಿಗೆ ವರದಿ ಬಂತು. ಭಾವನ ಅಮಾನತು ರದ್ದು, ಕೆಲಸಕ್ಕೆ ವಾಪಸ್. ಅಕ್ಕ ಅಂದು ಮೊದಲ ಸಲ ಅತ್ತಳು. ಆದರೆ ವರದಿಯಲ್ಲಿ ಅವಳ ಮೂರು ಪುಟಗಳ ಒಂದು ಅಕ್ಷರವೂ ಇರಲಿಲ್ಲ. ಫೋನ್ ಇಲ್ಲ, ಎರವಲಿಲ್ಲ, ಜಾಡಿಗಳನ್ನು ಎಸೆಸಿದ್ದಿಲ್ಲ. ಭಾವ ಎಚ್ಚರವಾಗಿದ್ದರು ಎಂಬ ಒಂದು ಸಾಲೂ ಇಲ್ಲ. ಘಟನೆ ಪರದೆಯ ಸ್ವರೂಪದಿಂದ ಉಂಟಾದದ್ದು, ಲಾಂಛನವನ್ನು ಸೂಕ್ತ ಗಾತ್ರಕ್ಕೆ ಇಳಿಸತಕ್ಕದ್ದು, ಯಾವುದೇ ವ್ಯಕ್ತಿಯ ಲೋಪ ಕಂಡುಬಂದಿರುವುದಿಲ್ಲ. ಅಷ್ಟೇ. ಊರಿಗೆ ಊರೇ ಹೊಲಸು ಕುಡಿಯಿತು, ಕುಡಿಸಿದವರು ಯಾರೂ ಇಲ್ಲ! ಬೀದಿಯಲ್ಲಿ ಭಾವ ಕೆಸರಪ್ಪನಾಗಿಯೇ ಉಳಿದರು. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದ ಚುಕ್ಕಿಗೆ ಬೈಗುಳವೂ ಸಿಗಲಿಲ್ಲ, ಅದೇ ಅವಳಿಗೆ ಹೆಚ್ಚು ಅಸಹ್ಯವಾಯಿತು. ಮುಖ್ಯಸ್ಥರ ಜಾಗ ಬೇರೆಯವರಿಗೆ ಹೋಯಿತು, ಹೋಗಲಿ. ಪ್ರಶಂಸಾಪತ್ರವನ್ನು ನಾಲ್ಕಾಗಿ ಹರಿದು ಕಸದ ಬುಟ್ಟಿಗೆ ಹಾಕಿದಳು. ಭಾವನ ಪರದೆಗೆ ಯಾರ ಅಪ್ಪಣೆಯನ್ನೂ ಕೇಳದೆ ಹಳೆಯ ಅಂಕಿಗಳ ಪಟ್ಟಿಯನ್ನೇ ವಾಪಸ್ ಕಳಿಸಿದಳು. ಆಮೇಲೆ ಎಂಟು ವರ್ಷ ಅಲ್ಲೇ ದುಡಿದಳು, ಒಂದು ಗೆರೆಯನ್ನೂ ಎಳೆಯಲಿಲ್ಲ. ಚಿತ್ರ ಬೇಕು ಎಂದವರಿಗೆ, "ಕಣ್ಣಿದ್ರೆ ಅಂಕಿ ಓದಿ" ಅನ್ನುತ್ತಿದ್ದಳು.

ಭಾವ ಕೆಲಸಕ್ಕೆ ಮರಳಿದ ವಾರ, ರಜೆ ಹಾಕಿ, ಎರಡು ಬಸ್ಸು ಬದಲಿಸಿ ಶುದ್ಧೀಕರಣ ಘಟಕಕ್ಕೆ ಹೋದಳು. ಹನ್ನೊಂದು ವರ್ಷ ಆ ನೀರಿನ ಅಂಕಿ ನೋಡಿದವಳು, ಅದರ ಚಿತ್ರ ಬರೆದವಳು, ನೀರನ್ನು ನೋಡಿದ್ದು ಅಂದೇ ಮೊದಲು. ನಾಲ್ಕು ತೊಟ್ಟಿ, ಕಾಂಕ್ರೀಟಿನ ಮುಚ್ಚಳ, ಒದ್ದೆ ಮರಳಿನ ವಾಸನೆ. ಭಾವನ ಕೋಣೆಯಲ್ಲಿ ಬಿಳಿ ಸುಣ್ಣದ ಗೋಡೆ. ಬಿರಟೆಗಳನ್ನು ಕಿತ್ತಿದ್ದರು. ಕಿಟಕಿಯಲ್ಲಿ ನಾಲ್ಕು ಹೊಸ ಜಾಡಿಗಳು, ಅಕ್ಕನ ಅಡುಗೆಮನೆಯವು.

ಭಾವ ಅವಳನ್ನು ನೋಡಿದರು. ಮೂರನೇ ನಲ್ಲಿಯಿಂದ ಜಾಡಿ ತುಂಬಿಸಿದರು, ತಳವನ್ನು ಅಂಗಿಯ ತುದಿಯಿಂದ ಒರೆಸಿದರು, ಅವಳ ಕೈಗೆ ಕೊಟ್ಟರು. ಗೋಡೆಯ ಮೇಲೆ ರೈಲು ವೇಳಾಪಟ್ಟಿಯಿದ್ದ ಜಾಗದಲ್ಲಿ ಒಂದು ಹಾಳೆ ಅಂಟಿಸಿದ್ದರು, ಸಣ್ಣ ಅಕ್ಷರದ, ಮೊಹರು ಒತ್ತಿದ ಹಾಳೆ.

"ಓದಮ್ಮ" ಎಂದರು. ಎರಡು ತಿಂಗಳಿಗೂ ಹೆಚ್ಚಾದ ಮೇಲೆ ಅವಳ ಜೊತೆ ಆಡಿದ ಮೊದಲ ಮಾತು.

ಚುಕ್ಕಿ ಜಾಡಿಯನ್ನು ಎತ್ತಿ ಹಿಡಿದಳು. ನೀರಿನ ತುಳುಕು ನಿಲ್ಲುವವರೆಗೆ ಕಾದಳು.

"ಯಾವುದೇ ವ್ಯಕ್ತಿಯ... ಲೋಪ... ಕಂಡುಬಂದಿರುವುದಿಲ್ಲ."

"ಕೊನೇ ಅಕ್ಷರದವರೆಗೂ ಸರಿಯಾಗಿ ಕಾಣ್ತಾ?"

"ಕಾಣುತ್ತೆ ಭಾವ."

"ಹಾಗಾದ್ರೆ ನೀರು ಸರಿಯಾಗಿದೆ" ಎಂದು ಭಾವ ಜಾಡಿ ಇಸಿದುಕೊಂಡು ನಾಲ್ಕನೇ ನಲ್ಲಿ ತಿರುಗಿಸಿದರು.